ಕೂಲಿ ಬೇಡವೆಂದ ಕೈಗೆ ನಾವು ಕೊಡಬೇಕಾದುದು



ಗದಗಿನಿಂದ ಹುಬ್ಬಳ್ಳಿಯತ್ತ ಹೋಗುವ ಹಾದಿಯಲ್ಲಿ ಬಿಂಕದಕಟ್ಟಿ ಇದೆ. ಹೊರಗಿನವರು ಆ ಊರನ್ನು ಪ್ರಾಣಿಸಂಗ್ರಹಾಲಯದಿಂದ ಗುರುತಿಸುತ್ತಾರೆ. ನಮಗಾದರೋ ಅಲ್ಲಿಯ ಬಡಿಗರೊಬ್ಬರು ನೆನಪಾಗುತ್ತಾರೆ. ಅವರು ಒಮ್ಮೆ ನಮ್ಮಲ್ಲಿಗೆ ಬಂದು, “ಶಾಸ್ತ್ರಿಗಳ, ಗುಡಿಗೆ ಪಲ್ಲಕ್ಕಿ ಮಾಡಿಕೊಡ್ತೀನ್ರಿ. ಕೂಲಿ ಒಂದು ಪೈಸಾ ಬ್ಯಾಡ. ಆದರ ಕೆತ್ತನಿ ಹೆಂಗಿರಬೇಕಂತ ನನಗ ಯಾರೂ ಹೇಳಬಾರದ್ರಿ” ಎಂದರು. ಗುಡಿಯ ಹಿರಿಯರಿಗೆ ಇದು ಹಿಡಿಸಿರಲಿಲ್ಲ. ಬೇರೊಂದು ಊರಿನ ಪಲ್ಲಕ್ಕಿಯ ಚಿತ್ರವನ್ನು ಮುಂದಿಟ್ಟು, ಹೀಗೆಯೇ ಆಗಬೇಕೆಂದು ಅವರು ಪಟ್ಟುಹಿಡಿದಿದ್ದರು. ದಾನಕ್ಕೂ ಷರತ್ತೇ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ಮುದನೂರಿನ ಜೇಡರ ದಾಸಿಮಯ್ಯನವರು ನೇಕಾರರು. ಅವರು ನೇಯ್ದ ದಿವ್ಯವಸ್ತ್ರಕ್ಕೆ ಸಂತೆಯಲ್ಲಿ ಬೆಲೆ ಕಟ್ಟುವವರೇ ಸಿಗಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಜಂಗಮರೂಪದ ಶಿವನು ಬೇಡಿದಾಗ ಅದನ್ನು ಕೊಟ್ಟುಬಿಟ್ಟರು. ಶಿವನು ಕಣ್ಣೆದುರಿಗೇ ಅದನ್ನು ಹರಿದರೂ ಅವರ ಮನಸ್ಸು ಕದಡಲಿಲ್ಲ. ಕೊಟ್ಟ ಮೇಲೆ ವಸ್ತ್ರ ಪಡೆದವನದು ಎಂಬ ಮಾತನ್ನು ನಾವೆಲ್ಲರೂ ಈ ಕಥೆಯಿಂದ ಕಲಿತಿದ್ದೇವೆ. ಅದರ ಇನ್ನೊಂದು ಮಗ್ಗುಲನ್ನು ಮರೆತಿದ್ದೇವೆ. ಕೊಡುವವರೆಗೆ ಮಗ್ಗ ದಾಸಿಮಯ್ಯನವರದು. ಎಳೆ ಹೀಗಿರಲಿ, ಅಂಚು ಹಾಗಿರಲಿ ಎಂದು ಶಿವನೂ ಅಪ್ಪಣೆ ಮಾಡಲಿಲ್ಲ.

ಕೂಲಿ ಕೊಟ್ಟವನು ತನ್ನ ಇಚ್ಛೆಯಂತೆ ಮಾಡಿಸಿಕೊಳ್ಳುವುದು ಲೋಕರೂಢಿ. ಕೂಲಿಯನ್ನೂ ಕೊಡದೆ ಇಚ್ಛೆಯನ್ನೂ ಹೇರಿದರೆ ಅದು ದಾಸೋಹವಾಗದು, ಬಿಟ್ಟಿಚಾಕರಿಯಾಗುತ್ತದೆ. ಗಂಡನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದವರು ಆಯ್ದಕ್ಕಿ ಲಕ್ಕಮ್ಮನವರು. ಭಕ್ತಿಯ ಹೆಸರಿನಲ್ಲಿ ಇನ್ನೊಬ್ಬರ ಬೆವರನ್ನು ಮಿತಿಮೀರಿ ಪಡೆಯುವಾಗ ಆ ತಾಯಿಯ ನೆನಪು ನಮ್ಮನ್ನು ತಡೆಯಬೇಕು.

ಗದಗಿನ ಮೂಡಲಿಗೆ ಲಕ್ಕುಂಡಿಯಿದೆ. ಅಲ್ಲಿ 1007ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರು ನಾಡಿಗೆಲ್ಲ ಗೊತ್ತು. ಆ ಕಲ್ಲಿಗೆ ಉಳಿ ಹಿಡಿದವರ ಹೆಸರು ನಮ್ಮ ಬಾಯಲ್ಲಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನು ತನ್ನ ಶಿಲ್ಪದ ಕೆಳಗೆ ಹೆಸರು ಕೊರೆದನು. ಆದುದರಿಂದಲೇ ಇಂದಿಗೂ ಅವನನ್ನು ನೆನೆಯುತ್ತೇವೆ.

ನಾವು ಹಿರಿಯರಿಗೆ ಹೇಳಿದ್ದಿಷ್ಟು: “ಹೊರುವ ಹೆಗಲುಗಳ ಎತ್ತರ, ದಂಡಿಗೆಯ ಉದ್ದ, ಉತ್ಸವಮೂರ್ತಿಯ ಅಳತೆ ಇವನ್ನು ನೀವು ಹೇಳಿರಿ. ಕೆತ್ತನೆಯನ್ನು ಅವರಿಗೆ ಬಿಡಿರಿ. ಸಾಗುವಾನಿಯ ಖರ್ಚು ಊರಿನದಾಗಲಿ. ಕೆಲಸ ಮುಗಿಯುವವರೆಗೆ ಅವರ ಮನೆಗೆ ಜೋಳ, ಬೇಳೆ ಮುಟ್ಟಲಿ. ಅದನ್ನು ಕೂಲಿಯೆನ್ನಬೇಡಿರಿ, ಪ್ರಸಾದವೆನ್ನಿರಿ.” ಬಡಿಗರಿಗೂ ಒಂದು ಮಾತು ಹೇಳಿದೆವು: “ಕೊಟ್ಟ ಮೇಲೆ ಪಲ್ಲಕ್ಕಿ ದೇವರದು. ಯಾರಾದರೂ ಬಣ್ಣ ಬಳಿದರೆ ನೊಂದುಕೊಳ್ಳಬಾರದು.” ಅವರು ನಕ್ಕರು. ದಾಸಿಮಯ್ಯನವರ ಕಥೆ ಅವರಿಗೂ ಗೊತ್ತಿತ್ತು.

ಹಿರಿಯರು ಒಪ್ಪಿದರು. ಚಿತ್ರದಲ್ಲಿದ್ದ ನವಿಲುಗಳ ಜಾಗದಲ್ಲಿ ಬಡಿಗರು ಜೋಳದ ತೆನೆಗಳನ್ನು ಕೆತ್ತಿದರು. ಮೊದಲ ದಿನ ಕೆಲವರು ಮುಖ ಸಿಂಡರಿಸಿದರು. ಪಲ್ಲಕ್ಕಿ ಓಣಿಯಲ್ಲಿ ಹೊರಟಾಗ ರೈತಮಕ್ಕಳು ಆ ತೆನೆಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ನಿಮ್ಮ ಮನೆಯ ಹೊಸ್ತಿಲಿಗೆ, ತೊಟ್ಟಿಲಿಗೆ ಪ್ರೀತಿಯಿಂದ ಕೈಕೆಲಸ ಮಾಡಿಕೊಡುವವರು ಬಂದಾರು. ಅವರ ಕೈಯನ್ನು ಕಟ್ಟಬೇಡಿರಿ, ಅವರ ಒಲೆಯನ್ನೂ ಆರಗೊಡಬೇಡಿರಿ.