ಸಂಭಾವನೆ ಬೇಡ, ಕೂಲಿ ಕೊಡಿ

ಕನ್ನಡದಲ್ಲಿ ಯಾವ ಪತ್ರಿಕೆಯ ಸಂಬಳವೂ ಇಲ್ಲದೆ ಬರೆದು ಬದುಕಲು ಹೊರಟವನಿಗೆ ಒಂದು ಹೆಸರಿದೆ: ಹವ್ಯಾಸಿ ಬರಹಗಾರ. ಈ ಹೆಸರಿಟ್ಟವರು ಹೊಟ್ಟೆ ತುಂಬಿದವರೇ ಇರಬೇಕು. ಅಂಚೆಚೀಟಿ ಕೂಡಿಡುವುದು ಹವ್ಯಾಸ. ಪಾರಿವಾಳ ಸಾಕುವುದು ಹವ್ಯಾಸ. ಹವ್ಯಾಸಕ್ಕೆ ಯಾರಾದರೂ ಕೂಲಿ ಕೊಡುತ್ತಾರೆಯೇ? ಹೆಸರಿಡುವಾಗಲೇ ನಮ್ಮ ಕೂಲಿ ಮುರಿದುಕೊಂಡಿದ್ದಾರೆ.

ಅಪ್ಪಿತಪ್ಪಿ ಕೊಟ್ಟರೆ ಆ ಕಾಸಿಗೆ ಇನ್ನೊಂದು ಹೆಸರು: ಸಂಭಾವನೆ. ಮದುವೆ ಮನೆಯಲ್ಲಿ ಪುರೋಹಿತನಿಗೆ ದಕ್ಷಿಣೆಯ ಜೊತೆ ಸಲ್ಲುವುದೂ ಸಂಭಾವನೆಯೇ. ಎಷ್ಟು ಎಂಬುದು ಕೊಡುವವನ ದೊಡ್ಡಸ್ತಿಕೆಗೆ ಬಿಟ್ಟದ್ದು. ಕೇಳಿದರೆ ಕೇಳಿದವನದು ಸಣ್ಣತನ. ಇನ್ನೂ ಒಂದು ಹೆಸರಿದೆ: ಗೌರವಧನ. ಅಂಗನವಾಡಿಯ ಅಕ್ಕಂದಿರಿಗೆ, ಆಶಾ ಕಾರ್ಯಕರ್ತೆಯರಿಗೆ ಕೊಡುವುದೂ ಇದೇ ಗೌರವಧನ. ನಮ್ಮ ಪದವಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಹೇಳುವವರು 'ಅತಿಥಿ' ಉಪನ್ಯಾಸಕರು. ಈ ನಾಡಿನಲ್ಲಿ ಯಾರಿಗೆ ಕೂಲಿ ಕಡಿಮೆಯೋ ಅವರಿಗೆ ಗೌರವ ಜಾಸ್ತಿ!

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. ರಾಮನಗರದ ರೇಷ್ಮೆ ಮಾರುಕಟ್ಟೆಯಲ್ಲಿ ಗೂಡು ಸುರಿದರೆ ಹರಾಜು ಉಂಟು, ತೂಕ ಉಂಟು, ಕೆಜಿಗೆ ಇಷ್ಟು ಎಂಬ ಮಾತು ಉಂಟು. ಮೊದಲು ಕೂಗುವ ಹರಾಜಿತ್ತು, ಈಗ ಇ-ಹರಾಜು. ೧೯೫೯ರಲ್ಲೇ ಕಾನೂನು ಮಾಡಿ ಗೂಡಿನ ವ್ಯಾಪಾರವನ್ನು ಸರ್ಕಾರಿ ಮಾರುಕಟ್ಟೆಯ ಕಣ್ಣೆದುರಿಗೆ ತಂದರು. ಚನ್ನಪಟ್ಟಣದಲ್ಲಿ ಹಾಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವವನಿಗೆ ಇಷ್ಟು ಗೊಂಬೆಗೆ ಇಷ್ಟು ಎಂಬ ಲೆಕ್ಕವಿದೆ. ಕನಕಪುರದ ಕ್ವಾರಿಯಲ್ಲಿ ಕಲ್ಲು ಒಡೆಯುವವನಿಗೂ ಒಂದು ರೇಟಿದೆ. ಇವೆಲ್ಲ ನ್ಯಾಯದ ಕೂಲಿ ಅಂತ ನಾನು ಹೇಳುತ್ತಿಲ್ಲ. ಅಲ್ಲೂ ಮೋಸವಿದೆ, ಶೋಷಣೆಯಿದೆ. ಆದರೆ 'ಕೂಲಿ' ಎಂಬ ಮಾತಿದೆ. ಮಾತಿರುವುದರಿಂದಲೇ ಜಗಳ ಆಡಬಹುದು, ಸಂಘ ಕಟ್ಟಬಹುದು. ಬರೆಯುವವನಿಗೆ ಆ ಮಾತೇ ಇಲ್ಲ.

ಬೆಂಗಳೂರಿನ ಒಂದು ಪತ್ರಿಕೆಯ ವಿಶೇಷಾಂಕಕ್ಕೆ ನಮ್ಮ ಕಡೆ ನೂಲು ಬಿಚ್ಚುವ ಹೆಂಗಸರ ಬಗ್ಗೆ ಆರು ಪುಟ ಬರೆದುಕೊಟ್ಟೆ. ಬಸ್ ಚಾರ್ಜು ನನ್ನದು, ಹದಿನೈದು ದಿನದ ತಿರುಗಾಟ ನನ್ನದು. ಅಚ್ಚಾಯಿತು. ಅದೇ ಪುಟದ ಬುಡದಲ್ಲಿ ರೇಷ್ಮೆ ಸೀರೆ ಅಂಗಡಿಯ ಜಾಹೀರಾತು. ಜಾಹೀರಾತಿಗೆ ಸೆಂಟಿಮೀಟರ್ ಲೆಕ್ಕದಲ್ಲಿ ರೇಟಿರುತ್ತದೆ. ನಾನು ಕಾಸು ಕೇಳಿದರೆ 'ಹೆಸರು ದೊಡ್ಡಕ್ಷರದಲ್ಲಿ ಹಾಕಿದ್ದೀವಲ್ಲಪ್ಪ' ಅಂದರು. ದಿನವೆಲ್ಲ ಬಿಸಿನೀರಿಗೆ ಕೈಯದ್ದಿ ನೂಲು ಬಿಚ್ಚಿ ಬರುವ ನಮ್ಮವ್ವ ಕೇಳಿದಳು: 'ಹೆಸ್ರು ತಕ್ಕೊಂಡೋಗಿ ಕೊಟ್ರೆ ಅಂಗ್ಡಿಯವ್ನು ಅಕ್ಕಿ ಅಳೀತಾನೇನ್ಲಾ?' ಯಾವ ಸಾಹಿತ್ಯ ವಿಮರ್ಶಕನೂ ಇದಕ್ಕಿಂತ ಸರಿಯಾದ ಪ್ರಶ್ನೆ ಕೇಳಿದ್ದನ್ನು ನಾನು ಓದಿಲ್ಲ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ೧೯೫೪ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ನಮಗೆಲ್ಲ ದಾರಿ. ೧೯೭೫ರ 'ಹೊಲೆಮಾದಿಗರ ಹಾಡು' ಬಂದ ಮೇಲೆ ಕನ್ನಡ ಕಾವ್ಯ ಮೊದಲಿನ ಹಾಗೆ ಉಳಿಯಲಿಲ್ಲ. ೨೦೨೧ರಲ್ಲಿ ಅವರು ತೀರಿಕೊಂಡಾಗ ಅವರ ಹಾಡು ಹೇಳದ ಕೇರಿ ನಮ್ಮ ಕಡೆ ಇರಲಿಲ್ಲ. ಆದರೆ ಮನೆ ನಡೆಸಿದ್ದು ಹಾಡಲ್ಲ, ಬೆಂಗಳೂರು ವಿಶ್ವವಿದ್ಯಾಲಯದ ಮೇಷ್ಟರ ಕೆಲಸ. ಆ ತಲೆಮಾರಿನ ಬಂಡಾಯದ ಬೆನ್ನಿಗೆ ಒಂದು ಸಂಬಳ, ಒಂದು ಮೀಸಲಾತಿಯ ನೌಕರಿ ಇತ್ತು. ಇವತ್ತು ಖಾಯಂ ಹುದ್ದೆಯ ಜಾಗದಲ್ಲಿ ಅತಿಥಿ ಕೂತಿದ್ದಾನೆ. ಬೆನ್ನಿಗೆ ಸಂಬಳವಿಲ್ಲದ ನಮ್ಮ ಹುಡುಗ ಹುಡುಗಿಯರು ಬಿಟ್ಟಿ ಬರೆಯುವುದಾದರೆ ಎಷ್ಟು ದಿನ ಬರೆದಾರು? ಎರಡು ವರ್ಷ. ಆಮೇಲೆ ಗಾರ್ಮೆಂಟ್ಸು, ಇಲ್ಲವೇ ಡೆಲಿವರಿ ಬ್ಯಾಗು. ಬರೆಯುವ ಕೆಲಸ ಮತ್ತೆ ಜಮೀನಿದ್ದವರ, ಬಾಡಿಗೆ ಬರುವವರ ಪಾಲಾಗುತ್ತದೆ. ನಮ್ಮ ಬಾಯಿ ಮುಚ್ಚಿಸಲು ನಿಷೇಧ ಬೇಕಿಲ್ಲ, ಕಾಸು ಕೊಡದಿದ್ದರೆ ಸಾಕು.

ಕೆಲವರು ಗಳಗನಾಥರನ್ನು ತೋರಿಸುತ್ತಾರೆ. ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು, ನೀವೂ ಹಾಗೆ ದುಡಿಯಿರಿ ಎನ್ನುತ್ತಾರೆ. ಅವರ ಶ್ರಮಕ್ಕೆ ಶರಣು. ಆದರೆ ವೆಂಕಟೇಶ ತಿರಕೋ ಕುಲಕರ್ಣಿಯವರಿಗೆ ಕೂರಲು ಜಗುಲಿ ಸಿಕ್ಕಿತು, ಕುಡಿಯಲು ನೀರು ಸಿಕ್ಕಿತು. ಆ ಕಾಲದಲ್ಲಿ ನನ್ನ ಮುತ್ತಾತ ಪುಸ್ತಕ ಹೊತ್ತು ಹೋಗಿದ್ದರೆ ಏನು ಸಿಗುತ್ತಿತ್ತು?

ಇನ್ನು ಕೆಲವರಿಗೆ ವಚನಕಾರರ ನೆನಪು. ಶರಣರು ವಚನಕ್ಕೆ ದುಡ್ಡು ತಗೊಂಡರೇ? ತಗೊಳ್ಳಲಿಲ್ಲ. ಯಾಕೆಂದರೆ ಅಂಬಿಗರ ಚೌಡಯ್ಯನಿಗೆ ದೋಣಿಯಿತ್ತು, ಮಾದಾರ ಚೆನ್ನಯ್ಯನಿಗೆ ಚರ್ಮದ ಕಾಯಕವಿತ್ತು. ದಿನವೆಲ್ಲ ಬರೆಯುವುದನ್ನೇ ಕಾಯಕ ಮಾಡಿಕೊಂಡವನಿಗೆ ಆ ಕಾಯಕದಿಂದಲೇ ಅನ್ನ ಬರಬೇಕು. ಅನಕೃ, ತರಾಸು ಬರವಣಿಗೆಯನ್ನೇ ಬದುಕು ಮಾಡಿಕೊಂಡಾಗ ಸರಸ್ವತಿ ಮುನಿಯಲಿಲ್ಲ. ನಾವು ಕೇಳಿದಾಗ ಮಾತ್ರ ಮುನಿಯುತ್ತಾಳೆಯೇ?

ದುಡ್ಡಿಗೆ ಬರೆದರೆ ಚಳವಳಿ ಕೆಡುತ್ತದೆ ಎನ್ನುವ ಗೆಳೆಯರ ಆತಂಕ ಪ್ರಾಮಾಣಿಕವಾದದ್ದು. ಆದರೆ ಈಗ ನಡೆಯುತ್ತಿರುವುದೇನು? ಮುಖಂಡನ ಹುಟ್ಟುಹಬ್ಬದ ಅಭಿನಂದನ ಗ್ರಂಥಕ್ಕೆ ಬರೆದರೆ ಕವರು ಬರುತ್ತದೆ. ಭಾಷಣ ಬರೆದುಕೊಟ್ಟರೆ ಕವರು ಬರುತ್ತದೆ. ಕೇರಿಯ ನೀರಿನ ಬಗ್ಗೆ ಬರೆದರೆ ಗೌರವ ಪ್ರತಿ ಬರುತ್ತದೆ. ಸುಳ್ಳಿಗೆ ರೇಟು, ಸತ್ಯಕ್ಕೆ ಗೌರವ. ನಮ್ಮ ಹುಡುಗರನ್ನು ಮುಖಂಡರ ಬಾಗಿಲಿಗೆ ನೂಕುತ್ತಿರುವುದು ಕೂಲಿಯ ಆಸೆಯಲ್ಲ, ಕೂಲಿ ಇಲ್ಲದಿರುವುದು.

ನೀವು ಓದುತ್ತಿರುವ ಈ ಪತ್ರಿಕೆಯೂ ನನಗೆ ಕಾಸು ಕೊಡುವುದಿಲ್ಲ, ನಾನು ಕೇಳುವುದೂ ಇಲ್ಲ. ಇಲ್ಲಿ ಸಂಪಾದಕರು ತಮ್ಮ ಸಂಬಳ ಮುರಿದು ಅಚ್ಚು ಹಾಕಿಸುತ್ತಾರೆ. ಇದು ಮುಯ್ಯಾಳು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ೨೦೨೨ರಲ್ಲಿ ದೇವನೂರ ಮಹಾದೇವ ಅವರು 'ಆರೆಸ್ಸೆಸ್ ಆಳ ಮತ್ತು ಅಗಲ' ಬರೆದು ಹಲವು ಪ್ರಕಾಶಕರಿಗೆ ಬಿಟ್ಟುಕೊಟ್ಟದ್ದೂ ಹಾಗೆಯೇ: ಕೊಡುವುದು ಅವರ ತೀರ್ಮಾನವಾಗಿತ್ತು. ಮುಯ್ಯಾಳು ಬೇರೆ, ಬಿಟ್ಟಿಯಾಳು ಬೇರೆ. ಪುಟಗಟ್ಟಲೆ ಜಾಹೀರಾತು ತುಂಬಿಕೊಂಡವನ ಹೊಲದಲ್ಲಿ ಮುಯ್ಯಿ ಎಲ್ಲಿಂದ ಬಂತು? ಸಂವಿಧಾನದ ೨೩ನೇ ವಿಧಿ ಬಿಟ್ಟಿ ಚಾಕರಿ ಕೂಡದು ಎಂದಿದೆ. ೧೯೭೬ರಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂತು. ಆ ವಿಧಿ ಹಿಡಿದು ಸಂಪಾದಕರ ಮೇಲೆ ಕೇಸು ಹಾಕಿ ಅಂತಲ್ಲ; ಬಿಟ್ಟಿಯನ್ನು ಬಿಟ್ಟಿ ಎಂದು ಕರೆಯೋಣ ಅಂತ.

ಹಾಗಾದರೆ ಮಾಡಬೇಕಾದ್ದೇನು? ಬರೆಯುವ ಮೊದಲೇ ಕೇಳಿ: ಎಷ್ಟು, ಯಾವಾಗ? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಯಾರು ಎಷ್ಟು ಕೊಟ್ಟರು, ಯಾರು ಕೊಡಲಿಲ್ಲ ಎಂದು ನಾಲ್ಕು ತಾಲ್ಲೂಕಿನ ಬರೆಯುವವರು ಕೂತು ಪಟ್ಟಿ ಮಾಡೋಣ. ಒಬ್ಬನೇ ಕೇಳಿದರೆ ಸಣ್ಣತನ, ನಲವತ್ತು ಜನ ಕೇಳಿದರೆ ರೇಟು. ಊರಿನ ಮೇಷ್ಟರುಗಳು ಮಕ್ಕಳಿಗೆ ಪ್ರಬಂಧ ಕಲಿಸುವಾಗ ೧೯೫೭ರ ಕೃತಿಸ್ವಾಮ್ಯ ಕಾಯ್ದೆಯನ್ನೂ ಕಲಿಸಲಿ. ಯಾರ ನೌಕರಿಯಲ್ಲೂ ಇಲ್ಲದೆ ಬರೆದವನ ಬರಹಕ್ಕೆ ಮೊದಲ ಒಡೆಯ ಬರೆದವನೇ. ಸಹಿ ಹಾಕಿ ಬರೆದುಕೊಡದೆ ಆ ಹಕ್ಕು ಪರರ ಪಾಲಾಗದು. ಬರೆದುಕೊಟ್ಟರೂ ಅವಧಿ ನಮೂದಿಸದಿದ್ದರೆ ೫ ವರ್ಷ ಮಾತ್ರ. ಬರೆದವನು ಸತ್ತ ಮೇಲೂ ೬೦ ವರ್ಷ ಆ ಹಕ್ಕು ಬದುಕಿರುತ್ತದೆ. ಹೊಲವಿಲ್ಲದ ನಮ್ಮ ಜನಕ್ಕೆ ಸಿಕ್ಕಿರುವ ಪಹಣಿ ಇದು. ತಾತಂದಿರು ಸಾಹುಕಾರನ ಪತ್ರಕ್ಕೆ ಹೆಬ್ಬೆಟ್ಟೊತ್ತಿದ ಹಾಗೆ ಇದಕ್ಕೂ ಒತ್ತಿಕೊಡಬೇಕೇ?

ಊರಹಬ್ಬಕ್ಕೆ ನಮ್ಮ ಹಿರಿಯರು ತಮಟೆ ಬಡಿದರು. ಸಿಕ್ಕಿದ್ದು ತಂಗಳು, ಹಳೆ ಪಂಚೆ. ದಲಿತ ಸಂಘರ್ಷ ಸಮಿತಿ ಬಂದ ಮೇಲೆ ಎಷ್ಟೋ ಕೇರಿಗಳು ಬಿಟ್ಟಿ ತಮಟೆ ಬಡಿಯೋದಿಲ್ಲ ಅಂತ ನಿಂತವು. ಅದಕ್ಕಾಗಿ ಏಟು ತಿಂದವು, ಬಹಿಷ್ಕಾರ ಉಂಡವು. ಅವರ ಮಕ್ಕಳು ನಾವು, ಡಿಗ್ರಿ ಮಾಡಿ ಬಂದು ಪೆನ್ನಿನಲ್ಲಿ ಬಿಟ್ಟಿ ತಮಟೆ ಬಡಿಯುವುದೇ? ಗೌರವವನ್ನು ನೀವೇ ಇಟ್ಟುಕೊಳ್ಳಿ ಸ್ವಾಮಿ. ಕೂಲಿ ಎಣಿಸಿ.