ಎಂಜಿನ್ ದೀಪ ಮತ್ತು ದುರಸ್ತಿಯ ಅರ್ಥಶಾಸ್ತ್ರ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡರೆ ಮಾಲೀಕರು ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಗಾಡಿ ಓಡುತ್ತಿದೆಯಲ್ಲ ಎಂದು ಅದನ್ನು ಕಡೆಗಣಿಸುತ್ತಾರೆ. ಇಲ್ಲವೇ ಸರ್ವಿಸ್ ಕೇಂದ್ರಕ್ಕೆ ಒಯ್ದು, ಅಲ್ಲಿಯವರು ಹೇಳಿದ ಬಿಡಿಭಾಗಕ್ಕೆ ಹಣ ತೆತ್ತು ಬರುತ್ತಾರೆ. ಮೊದಲನೆಯದರಿಂದ ನಗರದ ಗಾಳಿಗೆ ನಷ್ಟ. ಎರಡನೆಯದರಿಂದ ಹಲವು ವೇಳೆ ಮಾಲೀಕರ ಜೇಬಿಗೆ ನಷ್ಟ. ಎರಡರ ಹಿಂದೆಯೂ ಇರುವುದು ದೋಷವನ್ನು ಪತ್ತೆ ಮಾಡುವ ಕೆಲಸಕ್ಕೆ ನಾವು ಬೆಲೆ ಕೊಡದಿರುವ ರೂಢಿ.

ಕಳೆದ ಮಳೆಗಾಲದಲ್ಲಿ ನನ್ನ ಕಾರಿನಲ್ಲೂ ಈ ದೀಪ ಹೊತ್ತಿತು. ಸರ್ವಿಸ್ ಕೇಂದ್ರದವರು ಸ್ಕ್ಯಾನರ್ ಜೋಡಿಸಿ, ‘ಪಿ0135’ ಎಂಬ ಸಂಕೇತ ಬಂದಿದೆ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ಐದೇ ನಿಮಿಷದಲ್ಲಿ ತೀರ್ಮಾನವಾಯಿತು. ಕೂಲಿ ಸೇರಿ 8,400 ರೂಪಾಯಿ ಕೊಟ್ಟು ಹೊಸ ಸೆನ್ಸರ್ ಹಾಕಿಸಿದೆ. ಮೂರನೆಯ ದಿನ ಅದೇ ದೀಪ, ಅದೇ ಸಂಕೇತ. ಹಾಗಾದರೆ ಎಂಜಿನ್ನಿನ ನಿಯಂತ್ರಣ ಘಟಕವೇ, ಅಂದರೆ ಇಸಿಯು, ಕೆಟ್ಟಿರಬೇಕು ಎಂದು ಅವರು ಇನ್ನೂ ದೊಡ್ಡದೊಂದು ಅಂದಾಜು ಪಟ್ಟಿಯನ್ನು ಮುಂದಿಟ್ಟರು.

ಈ ಸೆನ್ಸರಿನ ಕೆಲಸವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಈ ಪ್ರಮಾಣ ಹೆಚ್ಚುಕಡಿಮೆಯಾದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಹೊಗೆ ಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಉಳಿದ ಆಮ್ಲಜನಕವನ್ನು ಗಮನಿಸಿ ಇಸಿಯುಗೆ ವರದಿ ಕಳುಹಿಸುತ್ತದೆ; ಇಸಿಯು ಅದರಂತೆ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡುತ್ತದೆ. ಆದರೆ ಸೆನ್ಸರಿನೊಳಗಿನ ಜಿರ್ಕೋನಿಯಾ ಸೆರಾಮಿಕ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯದ ಹೊರತು ನಂಬಬಹುದಾದ ವರದಿ ನೀಡುವುದಿಲ್ಲ. ಬಾಷ್ ಕಂಪನಿ 1976ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಸೆನ್ಸರುಗಳು ಹೊಗೆಯ ಬಿಸಿಯಿಂದಲೇ ಕಾಯಬೇಕಾಗಿತ್ತು. 1982ರಲ್ಲಿ ಒಳಗೇ ಪುಟ್ಟ ವಿದ್ಯುತ್ ಹೀಟರ್ ಇರುವ ಮಾದರಿ ಬಂದಿತು.

ಈ ಹೀಟರ್ ಕೆಲಸ ಮಾಡದಿದ್ದರೆ ಕಾರು ನಿಲ್ಲುವುದಿಲ್ಲ. ಆದರೆ ಹೊಗೆ ಕೊಳವೆ ತಾನಾಗಿ ಕಾಯುವವರೆಗೆ ಇಸಿಯು ಬರಿಯ ಅಂದಾಜಿನ ಮೇಲೆ, ಸಾಮಾನ್ಯವಾಗಿ ಪೆಟ್ರೋಲನ್ನು ಹೆಚ್ಚಾಗಿಯೇ ಕೊಟ್ಟು, ಎಂಜಿನ್ ಓಡಿಸುತ್ತದೆ. ಜಯನಗರದ ಮನೆಯಿಂದ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಹೋಗಿಬರುವಂಥ ಸಣ್ಣ ಓಡಾಟದಲ್ಲಿ ಪಯಣದ ಬಹುಭಾಗ ಈ ಸ್ಥಿತಿಯಲ್ಲೇ ಮುಗಿದುಹೋಗಬಹುದು.

‘ಪಿ0135’ ಎಂಬ ಸಂಕೇತದ ಅರ್ಥ ‘ಸೆನ್ಸರ್ ಹೋಗಿದೆ’ ಎಂದಲ್ಲ. ಮೊದಲ ಬ್ಯಾಂಕಿನ ಮೊದಲ ಸೆನ್ಸರಿನ ಹೀಟರ್ ಸರ್ಕಿಟ್‌ನಲ್ಲಿ ದೋಷವಿದೆ ಎಂದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ರಿಲೇ, ಫ್ಯೂಸ್, ವೈರು, ಕನೆಕ್ಟರುಗಳನ್ನು ದಾಟಿ ಹೀಟರಿಗೆ ಬಂದು, ಇಸಿಯು ಮೂಲಕ ಅರ್ಥ್ ಸೇರುವ ದಾರಿಯೆಲ್ಲವೂ ಈ ಸರ್ಕಿಟ್‌ಗೆ ಸೇರಿದ್ದು. ಬೀದಿಯಲ್ಲಿ ಕರೆಂಟು ಹೋದಾಗ ಯಾರೂ ಮೊದಲು ಮನೆಯ ಬಲ್ಬು ಬದಲಿಸುವುದಿಲ್ಲ.

ಪರಿಚಿತರೊಬ್ಬರ ಸಲಹೆಯಂತೆ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಹೋದೆ. ‘ಹಳೇದು ಇದೆಯಾ ಸಾರ್?’ ಎಂಬುದು ಅವರ ಮೊದಲ ಪ್ರಶ್ನೆ. ಸುದೈವದಿಂದ ಹಳೆಯ ಸೆನ್ಸರನ್ನು ನಾನು ಕೇಳಿ ಪಡೆದಿದ್ದೆ. ಅದರ ನಾಲ್ಕು ವೈರುಗಳಲ್ಲಿ ಹೀಟರಿನ ಎರಡಕ್ಕೆ ಮಲ್ಟಿಮೀಟರ್ ಹಿಡಿದರು; ಆರು ಓಮ್ ತೋರಿಸಿತು. ಒಳಗಿನ ತಂತಿ ಕಡಿದಿದ್ದರೆ ಮೀಟರ್ ಏನನ್ನೂ ತೋರಿಸುತ್ತಿರಲಿಲ್ಲ. ಅಂದರೆ ತೆಗೆದುಹಾಕಿದ ಸೆನ್ಸರಿನ ಹೀಟರ್ ಸರಿಯಾಗಿಯೇ ಇತ್ತು. ಅನಂತರ ಫ್ಯೂಸ್ ನೋಡಿದರು; ಅದೂ ಸರಿಯಿತ್ತು. ಕನೆಕ್ಟರ್ ಬಿಚ್ಚಿ, ಎಂಜಿನ್ ಚಾಲೂ ಮಾಡಿ, ಹೀಟರಿಗೆ ಬರುವ ವೈರನ್ನು ಅಳೆದರು. 12 ವೋಲ್ಟಿಗಿಂತ ತುಸು ಹೆಚ್ಚೇ ಇತ್ತು. ನಾನು ಇಸಿಯುವಿನ ಆಸೆ ಬಿಟ್ಟೆ. ಅವರು ಮಾತ್ರ ಒಂದು ಇಂಡಿಕೇಟರ್ ಬಲ್ಬಿನ ಒಂದು ತುದಿಯನ್ನು ಅದೇ ವೈರಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದರು. ಬಲ್ಬು ಉರಿಯಲಿಲ್ಲ.

ಕಾರಣ ಸರಳವಾದದ್ದು. ಮಲ್ಟಿಮೀಟರ್ ಅಳೆಯುವಾಗ ವಿದ್ಯುತ್ತನ್ನು ಬಹುತೇಕ ಸೆಳೆಯುವುದೇ ಇಲ್ಲ. ಆದ್ದರಿಂದ ಹದಗೆಟ್ಟ ವೈರೂ ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಬಲ್ಬು ಹೊರೆ ಹಾಕಿದಾಗ ಮಾತ್ರ ಅದರ ಬಣ್ಣ ಬಯಲಾಗುತ್ತದೆ. ವೈರನ್ನು ಹಿಂಬಾಲಿಸುತ್ತ ಹೋದಾಗ ನಡುವಿನ ಕನೆಕ್ಟರೊಂದರಲ್ಲಿ ಮಳೆನೀರು ಇಳಿದು ಹಸಿರು ಕಿಲುಬು ಹಿಡಿದಿತ್ತು. ಅದನ್ನು ತೆಗೆದು ಹೊಸ ಟರ್ಮಿನಲ್ ಹಾಕಿ ಅವರು ಕೇಳಿದ್ದು 600 ರೂಪಾಯಿ. ಆ ದೀಪ ಇಂದಿನವರೆಗೆ ಮತ್ತೆ ಹೊತ್ತಿಲ್ಲ.

ಸರ್ವಿಸ್ ಕೇಂದ್ರದವರನ್ನು ಮೋಸಗಾರರೆಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿಯೇ ದುರಸ್ತಿಯಂಥ ಸೇವೆಗಳನ್ನು ನಂಬಿಕೆಯ ಸರಕು ಎಂಬ ವರ್ಗಕ್ಕೆ ಸೇರಿಸಿದ್ದರು. ಇಲ್ಲಿ ಏನು ಬೇಕೆಂದು ಹೇಳುವವನೂ ಅದನ್ನು ಮಾರುವವನೂ ಒಬ್ಬನೇ; ಕೊಂಡ ಮೇಲೂ ಅದು ಅಗತ್ಯವಿತ್ತೇ ಎಂಬುದು ಗ್ರಾಹಕನಿಗೆ ತಿಳಿಯುವುದಿಲ್ಲ. ನನ್ನ ದೀಪ ಮೂರು ದಿನಗಳಲ್ಲಿ ಮತ್ತೆ ಹೊತ್ತದಿದ್ದಿದ್ದರೆ ನಾನೂ ಕೃತಜ್ಞತೆಯಿಂದಲೇ ಇರುತ್ತಿದ್ದೆ. ಇದರ ಜೊತೆಗೆ, ಬಿಡಿಭಾಗ ಮಾರಿದರೆ ಲಾಭವಿದೆ. ಒಂದು ಗಂಟೆ ವೈರು ಹುಡುಕಿದರೆ ಬಿಲ್ಲಿನಲ್ಲಿ ಬರೆಯಲು ಏನೂ ಇಲ್ಲ. ‘ನೋಡಿದ್ದಕ್ಕೂ ದುಡ್ಡೇ?’ ಎಂದು ಕೇಳುವ ನಾವು ಈ ಲೆಕ್ಕಾಚಾರದಲ್ಲಿ ಪಾಲುದಾರರು.

ಕಾನೂನು ಸುಮ್ಮನಿದೆ ಎಂದಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ವಿಧಿಸಿ, ಬಿಡಿಭಾಗಗಳನ್ನೂ ದೋಷ ಪತ್ತೆಯ ಸಾಧನಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಒದಗಿಸುವಂತೆ ಆದೇಶಿಸಿತು. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಪೋರ್ಟಲ್ ಒಂದನ್ನು ಆರಂಭಿಸಿತು. ಆದರೂ ಗಲ್ಲಿಯ ಮೆಕ್ಯಾನಿಕ್ ಇಂದಿಗೂ ವೈರಿಂಗ್ ನಕ್ಷೆಯಿಲ್ಲದೆ, ಅನುಭವದ ಬಲದಿಂದಲೇ ಕೆಲಸ ಮಾಡುತ್ತಿದ್ದಾನೆ. ಆಡಳಿತದಲ್ಲಿ ದುಡಿದ ನನಗೆ ಇದು ಅಪರಿಚಿತವಲ್ಲ. ಆದೇಶದಲ್ಲಿ 12 ವೋಲ್ಟ್ ಇದೆ. ಹೊರೆ ಹಾಕಿದರೆ ಬಲ್ಬು ಉರಿಯುವುದಿಲ್ಲ.

ಹೊಗೆ ತಪಾಸಣೆಯಲ್ಲೂ ಇದೇ ಕೊರತೆ. ನಮ್ಮ ಪೆಟ್ರೋಲ್ ಕಾರುಗಳ ಪಿಯುಸಿ ಪರೀಕ್ಷೆ, ನಿಂತ ಗಾಡಿಯ ಎಂಜಿನ್ ಕಾದ ಮೇಲೆ ಹೊಗೆಯನ್ನು ಅಳೆಯುವಂಥದ್ದು. ಆ ಹೊತ್ತಿಗೆ ಸೆನ್ಸರ್ ಹೊಗೆಯ ಬಿಸಿಗೇ ಕಾದಿರುತ್ತದೆ. ಹೀಟರ್ ಕೆಟ್ಟ ಕಾರೂ ಸಲೀಸಾಗಿ ಪ್ರಮಾಣಪತ್ರ ಪಡೆಯಬಹುದು. ದೀಪ ಹೊತ್ತಿದೆಯೇ ಎಂದು ನೋಡುವ ಕ್ರಮವಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ 1996ರಿಂದೀಚಿನ ಮಾದರಿಯ ಕಾರುಗಳ ತಪಾಸಣೆಯಲ್ಲಿ ಈ ದೀಪ ಮತ್ತು ಸಂಕೇತಗಳನ್ನು ಓದುತ್ತಾರೆ. ನಮ್ಮಲ್ಲಿಯೂ 2013ರ ಏಪ್ರಿಲ್‌ನಿಂದ ಬಿಎಸ್–4 ಕಾರುಗಳಿಗೆ ಎರಡನೇ ಹಂತದ ಒಬಿಡಿ ಕಡ್ಡಾಯವಾಗಿದ್ದು, ಓದುವ ಸೌಲಭ್ಯ ಗಾಡಿಯೊಳಗೇ ಇದೆ.

ಆದರೆ ದುರಸ್ತಿಯ ಮಾರುಕಟ್ಟೆಯನ್ನು ಸರಿಪಡಿಸದೆ ಈ ತಪಾಸಣೆಯನ್ನು ಹೇರಿದರೆ, ದೀಪ ಹೊತ್ತಿದ ಪ್ರತಿಯೊಬ್ಬ ಮಾಲೀಕನನ್ನೂ ದುಬಾರಿ ಬಿಡಿಭಾಗದ ಬಾಗಿಲಿಗೆ ತಳ್ಳಿದಂತಾಗುತ್ತದೆ. ಮೊದಲು ಆಗಬೇಕಾದ ಕೆಲಸಗಳು ಮೂರು. ಬಿಡಿಭಾಗ ಬದಲಿಸುವ ಮುನ್ನ ನಡೆಸಿದ ಪರೀಕ್ಷೆಗಳನ್ನೂ ಬಂದ ಅಳತೆಗಳನ್ನೂ ಜಾಬ್ ಕಾರ್ಡಿನಲ್ಲಿ ಬರೆದು, ಹಳೆಯ ಭಾಗವನ್ನು ಗ್ರಾಹಕನಿಗೆ ಒಪ್ಪಿಸುವುದು ಕಡ್ಡಾಯವಾಗಬೇಕು. ದೋಷ ಪತ್ತೆಗೆ ಪ್ರತ್ಯೇಕ ಶುಲ್ಕವಿರಬೇಕು; ನಾವು ಅದನ್ನು ಗೊಣಗದೆ ಕೊಡಬೇಕು. ವೈರಿಂಗ್ ನಕ್ಷೆ ಹಾಗೂ ದುರಸ್ತಿ ಕೈಪಿಡಿಗಳು ನ್ಯಾಯವಾದ ಬೆಲೆಗೆ ಸ್ವತಂತ್ರ ಗ್ಯಾರೇಜುಗಳಿಗೂ ಐಟಿಐಗಳಿಗೂ ದೊರೆಯಬೇಕು.

ಅಲ್ಲಿಯವರೆಗೆ ಓದುಗರು ತಾವೇ ಮಾಡಬಹುದಾದದ್ದೂ ಇದೆ. ‘ಸೆನ್ಸರ್ ಹೋಗಿದೆ’ ಎಂದು ಯಾರಾದರೂ ಹೇಳಿದಾಗ, ‘ಹೀಟರ್ ಎಷ್ಟು ಓಮ್ ತೋರಿಸಿತು?’ ಎಂದು ಕೇಳಿ. ಉತ್ತರ ಬಂದರೆ ಅವರು ಅಳೆದಿದ್ದಾರೆ. ಬಾರದಿದ್ದರೆ, ಕಾರಿನ ಕೀಲಿಯನ್ನು ವಾಪಸು ಪಡೆಯುವುದು ಲೇಸು.