ಪದಕ ಯಾರ ಸೊತ್ತು?

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಒಂದು ವಿಭಾಗ 2025ರಲ್ಲಿ ಮುಚ್ಚಿತು. 2010ರಿಂದ ಅಲ್ಲಿ ಪ್ರದರ್ಶನಕ್ಕಿದ್ದುದು ಮುಖ್ಯವಾಗಿ ಲಾರ್ಡ್ ಆಶ್‌ಕ್ರಾಫ್ಟ್ ಎಂಬ ಶ್ರೀಮಂತರು ಕ್ರಯ ಕೊಟ್ಟು ಕೂಡಿಸಿದ ವಿಕ್ಟೋರಿಯಾ ಕ್ರಾಸ್ ಪದಕಗಳು. ಅವರ ಸಂಗ್ರಹದಲ್ಲಿ ಇಂಥವು 200ಕ್ಕೂ ಮಿಕ್ಕಿವೆ. ಅವು ಮ್ಯೂಸಿಯಮ್ಮಿಗೆ ಎರವಲಾಗಿ ಬಂದವು, ಅದರ ಸ್ವಂತದ್ದಲ್ಲ. ದೂರದೂರಿನ ಈ ಸುದ್ದಿಯಿಂದ ನಮಗೇನು ಎನ್ನಬಹುದು. ಆದರೆ ಇದರಿಂದೇಳುವ ಪ್ರಶ್ನೆ ನಮ್ಮದೂ ಹೌದು: ಯುದ್ಧದಲ್ಲಿ ಗಳಿಸಿದ ಪದಕ ಯಾರ ಸೊತ್ತು? ಮನೆಯವರದೋ, ಹಣ ಕೊಟ್ಟವನದೋ, ದೇಶದ್ದೋ?

ಲೋಹದ ಲೆಕ್ಕದಲ್ಲಿ ಇಂಥ ಪದಕಕ್ಕೆ ಬೆಲೆಯೇ ಇಲ್ಲವೆನ್ನಬೇಕು. 1856ರಲ್ಲಿ ಆರಂಭವಾದ ವಿಕ್ಟೋರಿಯಾ ಕ್ರಾಸ್ ಬರೇ ಕಂಚು. ನಮ್ಮ ಪರಮವೀರ ಚಕ್ರವೂ ಕಂಚಿನದೇ. ಕಾರವಾರದ ಬಳಿಯ ಚೆಂಡಿಯಾದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆಯವರಿಗೆ, 1948ರ ಏಪ್ರಿಲಿನಲ್ಲಿ ರಜೌರಿಯ ದಾರಿಯ ನೆಲಬಾಂಬುಗಳನ್ನು ಗುಂಡಿನ ಮಳೆಯ ನಡುವೆ ತೆಗೆದುದಕ್ಕಾಗಿ ಸಿಕ್ಕಿದ್ದು ಅಂಥ ಒಂದು ಕಂಚಿನ ಬಿಲ್ಲೆ. ಪದಕಕ್ಕೆ ಬೆಲೆ ಬರುವುದು ಅದರಲ್ಲಿ ಕೆತ್ತಿದ ಹೆಸರಿನಿಂದ, ಆ ಹೆಸರಿನ ಹಿಂದಿನ ಕಥೆಯಿಂದ.

ಆ ಬೆಲೆ ಎಲ್ಲಿಗೆ ಏರಿದೆ ನೋಡಿ. ಕ್ಯಾಪ್ಟನ್ ನೋಯೆಲ್ ಚವಾಸ್ ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿ. 1916ರಲ್ಲಿ ಒಮ್ಮೆ, 1917ರಲ್ಲಿ ಪ್ರಾಣವನ್ನೇ ತೆತ್ತು ಮತ್ತೊಮ್ಮೆ, ಹೀಗೆ ಎರಡು ಬಾರಿ ವಿಕ್ಟೋರಿಯಾ ಕ್ರಾಸ್ ಗಳಿಸಿದವರು. ಈ ಗೌರವ ಎರಡು ಸಲ ಸಂದದ್ದು ಚರಿತ್ರೆಯಲ್ಲೇ ಮೂವರಿಗೆ. ಅವರ ತಂದೆಯೇ ಸ್ಥಾಪಿಸಿದ ಆಕ್ಸ್‌ಫರ್ಡಿನ ಕಾಲೇಜು 2009ರಲ್ಲಿ ಆ ಪದಕಗಳನ್ನು ಆಶ್‌ಕ್ರಾಫ್ಟ್ ಅವರಿಗೆ ಮಾರಿತು. ಕ್ರಯ ಸುಮಾರು 15 ಲಕ್ಷ ಪೌಂಡು ಎಂದು ವರದಿಯಾಗಿತ್ತು. ಗ್ಯಾಲಿಪೊಲಿಯಲ್ಲಿ ಮಡಿದ ಕ್ಯಾಪ್ಟನ್ ಆಲ್ಫ್ರೆಡ್ ಶೌಟ್ ಅವರ ಪದಕ 2006ರಲ್ಲಿ ಸಿಡ್ನಿಯಲ್ಲಿ ಹತ್ತು ಲಕ್ಷ ಡಾಲರು ದಾಟಿತು. ಆದರೆ ಕೊಂಡ ಉದ್ಯಮಿ ಅದನ್ನು ಮನೆಗೆ ಒಯ್ಯದೆ ಆಸ್ಟ್ರೇಲಿಯಾದ ಯುದ್ಧಸ್ಮಾರಕಕ್ಕೆ ದಾನ ಮಾಡಿದ.

ಹಣ ಕೊಟ್ಟು ಕೊಳ್ಳುವವರೆಲ್ಲ ಲೋಭಿಗಳಲ್ಲ, ಮಾರುವವರೆಲ್ಲ ಕೃತಘ್ನರೂ ಅಲ್ಲ. ಮಗಳ ಮದುವೆಗೋ ಔಷಧಿಗೋ ದುಡ್ಡಿಲ್ಲದೆ ಪದಕ ಮಾರುವ ವಿಧವೆಗೆ ಬುದ್ಧಿ ಹೇಳಲು ನಾವು ಯಾರು? ಆದರೆ ಬೆಲೆ ಏರಿದಲ್ಲಿ ಕಳ್ಳನೂ ಬರುತ್ತಾನೆ.

ಇದಕ್ಕೆ ಸಾಕ್ಷಿ ನಾಯಕ್ ಕೃಪಾರಾಮ್ ಅವರ ಜಾರ್ಜ್ ಕ್ರಾಸ್. ಅವರು ಹಿಮಾಚಲದವರು, ಜೀವ ಕೊಟ್ಟದ್ದು ಕನ್ನಡದ ನೆಲದಲ್ಲಿ, ಗೌರಿಬಿದನೂರು ಸಮೀಪದ ತೊಂಡೇಭಾವಿಯಲ್ಲಿ. ಮಹಾಯುದ್ಧ ಮುಗಿದು ಹತ್ತೇ ದಿನ, 1945ರ ಸೆಪ್ಟೆಂಬರ್ 12. ಅಭ್ಯಾಸದ ವೇಳೆ ಒಬ್ಬ ಸಿಪಾಯಿ ಹಾರಿಸಿದ ಗ್ರೆನೇಡು ತನ್ನವರ ಹತ್ತಿರವೇ ಬಿತ್ತು. ಜವಾನರಿಗೆ ಹಿಂದೆ ಸರಿಯಲು ಕೂಗಿ ಹೇಳಿ ಕೃಪಾರಾಮ್ ಮುಂದೆ ಧಾವಿಸಿದರು, ಅದನ್ನು ಎತ್ತಿ ಎಸೆಯಹೊರಟರು. ಅದು ಕೈಯಲ್ಲೇ ಸಿಡಿಯಿತು. ಅವರ ಬಾಲ ವಿಧವೆಯ ಪಾಲಿಗೆ ಉಳಿದದ್ದು ಆ ಪದಕ. 2002ರಲ್ಲಿ ಅದು ಮನೆಯಿಂದ ಕಳವಾಯಿತು, 2009ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂತು. ಆಕ್ಷೇಪ ಬಂದು ಹರಾಜು ನಿಂತರೂ, ವೃದ್ಧೆಯಾಗಿದ್ದ ಆಕೆಯ ಕೈಗೆ ಅದು ಮರಳಲು ವರ್ಷಗಳೇ ಹಿಡಿದವು.

ಕಾನೂನು ಏನೆನ್ನುತ್ತದೆ? ಅಮೆರಿಕದಲ್ಲಿ ಅತ್ಯುನ್ನತವಾದ ಮೆಡಲ್ ಆಫ್ ಆನರ್ ಪದಕವನ್ನು ಮಾರುವುದೇ ಅಪರಾಧ. ಬ್ರಿಟನ್ನಿನಲ್ಲಿ ಬಹಿರಂಗ ಹರಾಜಿಗೂ ತಡೆಯಿಲ್ಲ. ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆಯಿದೆ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. 1914-18ರ ಯುದ್ಧದ ಪದಕಗಳು ಈ ಮಿತಿಯನ್ನು ದಾಟಿವೆ. 1939-45ರ ಯುದ್ಧದವು ಇನ್ನೂ ಮುಟ್ಟಿಲ್ಲ. ಆ ಯುದ್ಧದಲ್ಲಿ ಸೇವೆ ಸಲ್ಲಿಸಿದ ಭಾರತೀಯರು 25 ಲಕ್ಷ. ಅವರ ನೆನಪಿನ ವಸ್ತುಗಳಿಗೆ ಕಾಯಿದೆಯ ಈ ರಕ್ಷಣೆ ಸಿಗಲು ಇನ್ನೂ ಎರಡು ದಶಕ ಕಾಯಬೇಕು. ಕಾಯಿದೆಯ ಈ ಬಿರುಕಿನ ಬಗ್ಗೆ ಸಂಸತ್ತು ಯೋಚಿಸಬೇಕಾಗಿದೆ.

ಅಲ್ಲಿಯ ತನಕ ಕಾವಲು ಮನೆಯವರದೇ. ನಮ್ಮ ಕಡೆಯ ಹಳೆಯ ಮನೆಗಳ ಅಟ್ಟದಲ್ಲೂ ಸೈನ್ಯಕ್ಕೆ ಹೋಗಿಬಂದ ಅಜ್ಜನ ಟ್ರಂಕು ಇರಬಹುದು. ತೆರೆದು ನೋಡಿ. ಭಾರತೀಯ ಯೋಧರಿಗೆ ಕೊಟ್ಟ 1939-45ರ ನಕ್ಷತ್ರಾಕಾರದ ಪದಕಗಳ ಹಿಂಬದಿಯಲ್ಲಿ ಅವರ ಹೆಸರು ಒತ್ತಿರುತ್ತದೆ. ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಿದ್ದರು. ಹುಣಿಸೆಹುಳಿ ಹಾಕಿ ತಿಕ್ಕಿ ಬೆಳಗಿಸಬೇಡಿ, ಅಕ್ಷರ ಸವೆದುಹೋದೀತು. ಭುಜದ ಪಟ್ಟಿ, ಟೊಪ್ಪಿಯ ಬಿಲ್ಲೆ, ಪತ್ರ, ಸೇವಾ ಪುಸ್ತಕ ಇವುಗಳನ್ನು ಪದಕದಿಂದ ಅಗಲಿಸಬೇಡಿ. ಒಂದರ ಕಥೆಯನ್ನು ಇನ್ನೊಂದು ಹೇಳುತ್ತದೆ. ಫೋಟೋ ತೆಗೆದಿಡಿ. ಅಜ್ಜ ಯಾವ ದಳದಲ್ಲಿದ್ದರು, ಎಲ್ಲಿ ಹೋರಾಡಿದರು ಎಂಬುದನ್ನು ಬಲ್ಲ ಹಿರಿಯರಿರುವಾಗಲೇ ಮಕ್ಕಳಿಂದ ಬರೆಸಿಡಿ. ಮಾರಲೇಬೇಕಾದ ಕಷ್ಟ ಬಂದರೆ ಮೊದಲು ಅವರ ರೆಜಿಮೆಂಟಿಗೆ ಬರೆದು ಕೇಳಿ. ಹೆಸರು ತಿಳಿಯದ ಪದಕ ಗುಜರಿಯವನ ತಕ್ಕಡಿಗೆ ಬಿದ್ದರೆ ಅದು ಬರೇ ತೂಕದ ಲೋಹ.